ನಂದಗಡದ ಪೇಟೆಯೂ ರಾಜನೀತಿಯೂ: ಸುಂಕ, ಉಪ್ಪು, ಟಪಾಲುಗಳ ಇತಿಹಾಸದ ಒಂದು ವಿಮರ್ಶೆ

೧. ಪೀಠಿಕೆ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿರುವ ನಂದಗಡದ ಹೆಸರನ್ನು ಕೇಳಿದೊಡನೆಯೇ ಕನ್ನಡಿಗರ ಮನಸ್ಸಿಗೆ ಸಂಗೊಳ್ಳಿ ರಾಯಣ್ಣನ ಸ್ಮರಣೆಯುಂಟಾಗುವುದು. ೧೮೩೧ನೆಯ ಇಸವಿಯ ಜನವರಿ ೨೬ರಂದು ಆ ವೀರನು ಗಲ್ಲಿಗೇರಿಸಲ್ಪಟ್ಟುದು ಈ ಊರಿನ ಬಳಿಯಲ್ಲಿಯೇ ಆದುದರಿಂದ ಇದು ಯುಕ್ತವೇ ಸರಿ. ಆದರೆ ನಂದಗಡಕ್ಕೆ ಇನ್ನೊಂದು ಇತಿಹಾಸವುಂಟು. ಅದು ವೀರರದಲ್ಲ, ವರ್ತಕರದು. ಗೋವೆಯಿಂದ ಘಟ್ಟವನ್ನೇರಿ ಬಂದ ಉಪ್ಪು, ತೆಂಗಿನಕಾಯಿ, ಅಡಕೆ, ಖರ್ಜೂರ, ಸಾಂಬಾರ ಪದಾರ್ಥಗಳು ಈ ಪೇಟೆಯಲ್ಲಿ ಇಳಿಯುತ್ತಿದ್ದುವು. ಬಯಲುಸೀಮೆಯ ಗೋದಿ ಮೊದಲಾದ ಧಾನ್ಯಗಳು ಇಲ್ಲಿಂದ ಘಟ್ಟವನ್ನಿಳಿದು ಗೋವೆಗೆ ಹೋಗುತ್ತಿದ್ದುವು. ಮುಂಬಯಿ ಸರಕಾರದವರು ೧೮೮೪ರಲ್ಲಿ ಪ್ರಕಟಿಸಿದ ಬೆಳಗಾವಿ ಜಿಲ್ಲೆಯ ಗ್ಯಾಜೆಟಿಯರಿನಲ್ಲಿ ಈ ಊರು ವ್ಯಾಪಾರದ ಸ್ಥಾನವೆಂದು ಎಣಿಸಲ್ಪಟ್ಟಿದೆ.

ಇಂದು ತಾಲೂಕಿನ ಮುಖ್ಯ ಸ್ಥಳವು ಖಾನಾಪುರ. ದೊಡ್ಡ ವ್ಯಾಪಾರವೆಲ್ಲವೂ ಬೆಳಗಾವಿಯದು. ನಂದಗಡದ ಹಳೆಯ ಮಹತ್ತ್ವವು ಕುಗ್ಗಲು ಕಾರಣವೇನೆಂದು ವಿಚಾರಿಸಿದರೆ, ರೈಲು ಬಂದಿತು, ಪೇಟೆ ಹೋಯಿತು ಎಂಬ ಉತ್ತರವು ಸುಲಭವಾಗಿ ಹೊಳೆಯುವುದು. ಈ ಉತ್ತರವು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದು ಅರ್ಧೋಕ್ತಿಯೆಂದು ಹೇಳುತ್ತೇನೆ. ರೈಲು ಆಕಾಶದಿಂದ ಇಳಿದು ಬಂದುದಲ್ಲ. ಅದನ್ನು ಎಲ್ಲಿಂದ ಎಲ್ಲಿಗೆ ಒಯ್ಯಬೇಕೆಂಬುದನ್ನು ಎರಡು ಸರಕಾರಗಳು ಕೂಡಿ ನಿಶ್ಚಯಿಸಿದುವು. ಹಾಗೆ ನಿಶ್ಚಯಿಸಿದ ಪತ್ರವು ಮುಖ್ಯವಾಗಿ ಸುಂಕದ ಮತ್ತು ಉಪ್ಪಿನ ಪತ್ರವಾಗಿದ್ದಿತು. ಆದಕಾರಣ ಸುಂಕ, ಉಪ್ಪು, ಟಪಾಲು ಈ ಮೂರು ವಿಷಯಗಳಲ್ಲಿ ಸರಕಾರಗಳು ನಡೆಯಿಸಿದ ನೀತಿಯನ್ನು ಕ್ರಮವಾಗಿ ನೋಡದೆ ಈ ಪೇಟೆಯ ಏಳುಬೀಳುಗಳನ್ನು ತಿಳಿಯುವುದು ಶಕ್ಯವಲ್ಲ. ಆ ಕ್ರಮವನ್ನು ಯಥಾಮತಿಯಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶವು.

೨. ಘಟ್ಟದ ಮೇಲೂ ಕೆಳಗೂ ಒಂದೇ ರಾಜ್ಯ

ನಂದಗಡಕ್ಕೆ ಸಮೀಪದಲ್ಲಿಯೇ ಹಲಸಿ ಇದೆ. ಇದೇ ಪ್ರಾಚೀನ ಪಲಾಶಿಕೆ, ಆದಿಕದಂಬರ ರಾಜಸ್ಥಾನಗಳಲ್ಲೊಂದು. ಕಾಕುಸ್ಥವರ್ಮ, ಮೃಗೇಶವರ್ಮ, ರವಿವರ್ಮ ಮೊದಲಾದವರ ತಾಮ್ರಶಾಸನಗಳು ಇಲ್ಲಿ ದೊರೆತು, ಫ್ಲೀಟ್ ಮಹಾಶಯರಿಂದ ಪ್ರಕಟವಾದ ಸಂಗತಿಯು ವಿದ್ವಾಂಸರಿಗೆ ತಿಳಿದೇ ಇದೆ. ಹನ್ನೆರಡನೆಯ ಶತಮಾನದಲ್ಲಿ ಈ ಸೀಮೆಯನ್ನು ಗೋವೆಯ ಕದಂಬರು ಆಳಿದರು. ಶಿವಚಿತ್ತ ಪೆರ್ಮಾಡಿಯ ಕಾಲದ ಶಾಸನವು ಹಲಸಿಯ ನರಸಿಂಹದೇವಾಲಯದಲ್ಲಿಯೂ, ಆತನ ರಾಣಿಯಾದ ಕಮಲಾದೇವಿಯು ಕಟ್ಟಿಸಿದ ಕಮಲನಾರಾಯಣ ದೇವಾಲಯವು ದೇಗಾಂವಿಯಲ್ಲಿಯೂ ಇವೆ.

ಈ ಅರಸರ ಆಳ್ವಿಕೆಯನ್ನು ಹೇಳುವಾಗ ಶಾಸನಗಳು ಪಲಸಿಗೆ ಪನ್ನಿರ್ಚ್ಛಾಸಿರವನ್ನೂ ಕೊಂಕಣದ ಒಂಬೈನೂರನ್ನೂ ಒಟ್ಟಿಗೆ ಎಣಿಸುವುವು. ನಮ್ಮ ಪ್ರಕೃತ ವಿಚಾರಕ್ಕೆ ಇದೇ ಮುಖ್ಯವಾದ ಮಾತು. ಘಟ್ಟದ ಮೇಲಣ ಹನ್ನೆರಡು ಸಾವಿರವೂ ಕೆಳಗಣ ಒಂಬೈನೂರೂ ಒಂದೇ ಕೊಡೆಯ ನೆರಳಿನಲ್ಲಿದ್ದುವು. ಸಹ್ಯಾದ್ರಿಯು ಅಂದು ಪರ್ವತವಾಗಿದ್ದಿತೇ ಹೊರತು ಗಡಿಯಾಗಿರಲಿಲ್ಲ.

ಗಡಿಯಿಲ್ಲದಿದ್ದರೆ ಸುಂಕವಿರಲಿಲ್ಲವೆಂದು ಯಾರೂ ಭ್ರಮಿಸಬಾರದು. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳು ಆ ಕಾಲದ ಶಾಸನಗಳಲ್ಲಿ ಪದೇ ಪದೇ ಕಾಣುವುವು. ಸುಂಕವೆರ್ಗಡೆಯೆಂಬ ಅಧಿಕಾರಿಯೂ ಇದ್ದನು. ಪೆರ್ಜುಂಕವೆಂದರೆ ಹಿರಿಯ ಸುಂಕ. ಸುಂಕವಾದರೋ ಶುಲ್ಕಶಬ್ದದ ತದ್ಭವ. ಬೆಳಗಾವಿಯಲ್ಲಿ ಕ್ರಿ. ಶ. ೧೨೦೪ರಲ್ಲಿ ರಟ್ಟರ ನಾಲ್ವಡಿ ಕಾರ್ತವೀರ್ಯನ ಕಾಲಕ್ಕೆ ಬರೆಯಿಸಲ್ಪಟ್ಟು, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿರುವ ಶಾಸನದಲ್ಲಿ ಲಾಳದೇಶದ ಹಾಗೂ ಮಲೆಯಾಳದ ವರ್ತಕರು ಈ ನಾಡಿನವರೊಡನೆ ಕೂಡಿ ತಮ್ಮ ತಮ್ಮ ಸರಕುಗಳ ಮೇಲೆ ಇಂತಿಷ್ಟೆಂದು ಜಿನಾಲಯಕ್ಕೆ ಬಿಟ್ಟುಕೊಟ್ಟ ವಿವರವಿದೆ. ಪರದೇಶದ ವರ್ತಕನು ಇಲ್ಲಿ ಕುಳಿತು ಊರಿನವರೊಡನೆ ಧರ್ಮಕ್ಕೆ ಸಹಿ ಹಾಕುವಷ್ಟು ಮಾರ್ಗಗಳು ತೆರೆದಿದ್ದುವೆಂದು ಇದರಿಂದ ತಿಳಿಯಬರುವುದು. ಸುಂಕದ ಕಟ್ಟೆಯ ವ್ಯವಹಾರವು ಜನಜೀವನದಲ್ಲಿ ಎಷ್ಟು ಬೆರೆತಿದ್ದಿತೆಂಬುದಕ್ಕೆ ಸಾಹಿತ್ಯದಲ್ಲಿಯೇ ಸಾಕ್ಷ್ಯವುಂಟು. ಶರಣರಲ್ಲಿ ಒಬ್ಬನು ಸುಂಕದ ಬಂಕಣ್ಣನೆಂದು ತನ್ನ ಕಾಯಕದ ಹೆಸರಿನಿಂದಲೇ ಪ್ರಸಿದ್ಧನಾಗಿದ್ದಾನೆ.

ಆದರೆ ಆ ಸುಂಕದ ಲಕ್ಷಣವೇ ಬೇರೆ. ಅದು ಮಾರ್ಗದಲ್ಲಿ ಅಲ್ಲಲ್ಲಿ ಸ್ವಲ್ಪ ಸ್ವಲ್ಪವಾಗಿ ಹಂಚಿಹೋಗಿದ್ದಿತು. ಅದರಲ್ಲಿ ಒಂದು ಪಾಲು ದೇವಾಲಯಕ್ಕೆ, ಬಸದಿಗೆ, ಕೆರೆಗೆ ಹೋಗುತ್ತಿದ್ದಿತು. ಒಂದೇ ರೇಖೆಯ ಮೇಲೆ ನಿಂತು, ಈಚೆಗೆ ಬಂದುದೆಲ್ಲವೂ ಪರರಾಷ್ಟ್ರದ್ದೆಂದು ಎಣಿಸಿ ತೆಗೆದುಕೊಳ್ಳುವ ಸುಂಕವು ಈ ಸೀಮೆಗೆ ಬಂದುದು ಬಹಳ ಈಚೆಗೆ.

೩. ಗಡಿಯು ಹುಟ್ಟಿದ ಬಗೆ

೧೫೧೦ರಲ್ಲಿ ಪೋರ್ತುಗೀಜರು ಗೋವೆಯನ್ನು ಹಿಡಿದರು. ಆದರೂ ಎರಡೂವರೆ ಶತಮಾನಗಳವರೆಗೆ ಅವರ ಒಡೆತನವು ಸಮುದ್ರದ ಅಂಚಿನ ಪ್ರದೇಶಗಳಿಗೇ ಸೀಮಿತವಾಗಿದ್ದಿತು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಫೋಂಡೆ, ಸತ್ತರಿ, ಡಿಚೋಲಿ ಮುಂತಾದ ಮಹಾಲುಗಳನ್ನು ಅವರು ವಶಪಡಿಸಿಕೊಂಡ ಮೇಲೆಯೇ ಅವರ ಎಲ್ಲೆಯು ಘಟ್ಟದ ಬೆನ್ನನ್ನು ಮುಟ್ಟಿತು. ಹೊಸದಾಗಿ ಗೆದ್ದ ಸೀಮೆಗಳೆಂದೇ ಇವುಗಳನ್ನು ಅವರು ಕರೆದರು. ಹೀಗೆ ಸತ್ತರಿಯು ಖಾನಾಪುರದ ಕಾಡಿಗೆ ತಗುಲಿ ಪರರಾಷ್ಟ್ರವಾಯಿತು.

ಅದೇ ಕಾಲದ ಸುಮಾರಿಗೆ ಘಟ್ಟದ ಮೇಲೆ ಕಿತ್ತೂರಿನ ದೇಸಾಯಿಗಳು ಪ್ರಬಲರಾಗಿದ್ದರು. ಮಲ್ಲಸರ್ಜ ದೇಸಾಯಿಯು ೧೮೦೯ರಲ್ಲಿ ನಂದಗಡದ ಸಮೀಪದಲ್ಲಿ ಪ್ರತಾಪಗಡವೆಂಬ ಕೋಟೆಯನ್ನು ಕಟ್ಟಿಸಿದನು. ಕೋಟೆಯು ಕೇವಲ ಯುದ್ಧಕ್ಕಾಗಿ ಇರುವುದಿಲ್ಲ. ಅದರ ಕೆಳಗೆ ಪೇಟೆಯು ನಿರ್ಭಯವಾಗಿ ನೆಲಸುವುದು, ಅದರ ಕಣ್ಣೆದುರಿಗೆ ಎತ್ತಿನ ಹೇರುಗಳು ಸುಂಕವನ್ನು ತಪ್ಪಿಸದೆ ಹೋಗುವುವು. ಎರಡು ರಾಜ್ಯಗಳ ನಡುವಣ ಘಟ್ಟದ ಬಾಯಿಗೆ ಸಮೀಪದಲ್ಲಿ, ಆದರೆ ಕಾಡನ್ನು ದಾಟಿ ಬಯಲಿನ ಮೊದಲಿನಲ್ಲಿ ಇರುವ ಸ್ಥಾನವು ಪೇಟೆಗೆ ತಕ್ಕುದೆಂದು ಕಿತ್ತೂರಿನವರಿಗೆ ತಿಳಿದಿದ್ದಿರಬೇಕು.

೧೮೧೮ರಲ್ಲಿ ಬೆಳಗಾವಿಯು ಇಂಗ್ಲಿಷರ ಕೈಸೇರಿತು. ೧೮೨೪ರಲ್ಲಿ ಕಿತ್ತೂರಿನ ಸಮರವು ನಡೆದು, ಆ ಸಂಸ್ಥಾನವೂ ಅವರ ಅಧೀನವಾಯಿತು. ೧೮೩೦ರಲ್ಲಿ ರಾಯಣ್ಣನೂ ಅವನ ಸಂಗಡಿಗರೂ ಬೀಡಿಯ ಕಚೇರಿಯನ್ನು ಸುಟ್ಟು, ನಂದಗಡ, ಖಾನಾಪುರಗಳ ಕಡೆಗೆ ನುಗ್ಗಿದ ಸಂಗತಿಯನ್ನು ಇಲ್ಲಿ ಒಂದು ವಿಶೇಷ ಕಾರಣಕ್ಕಾಗಿ ನೆನೆಯಬೇಕಾಗಿದೆ. ಅವರು ಸುಟ್ಟುದು ಮುಖ್ಯವಾಗಿ ದಫ್ತರಗಳನ್ನು. ಹೊಸ ಸರಕಾರದ ಬಲವು ಬಂದೂಕಿನಲ್ಲಿ ಎಷ್ಟಿದೆಯೋ ಅಷ್ಟೇ ಕಾಗದದಲ್ಲಿಯೂ ಇದೆಯೆಂಬುದನ್ನು ಓದುಬರಹವನ್ನರಿಯದ ರೈತನೂ ಅಂದು ಕಂಡುಕೊಂಡಿದ್ದನು. ಭೂಮಿಯ ಲೆಕ್ಕ, ಇನಾಮಿನ ವಿಚಾರಣೆ, ಸುಂಕದ ಪಟ್ಟಿ ಇವು ಹೊಸ ಆಳ್ವಿಕೆಯ ಶಿಲಾಶಾಸನಗಳಾಗಿದ್ದುವು. ಕಲ್ಲಾಗಿರದೆ ಕಾಗದವಾಗಿದ್ದುದರಿಂದ ಅವುಗಳನ್ನು ಸುಡುವುದು ಸಾಧ್ಯವಾಯಿತು.

ಹೀಗೆ ಹತ್ತೊಂಬತ್ತನೆಯ ಶತಮಾನದ ಮೊದಲ ಪಾದದ ಅಂತ್ಯಕ್ಕೆ ನಂದಗಡವು ಎರಡು ಯುರೋಪೀಯ ಸರಕಾರಗಳ ನಡುವಣ ಗಡಿಯ ಪೇಟೆಯಾಯಿತು.

೪. ಉಪ್ಪಿನ ಕರ

ಉಪ್ಪಿನ ಮೇಲೆ ರಾಜನಿಗೆ ಹಕ್ಕುಂಟೆಂಬುದು ನಮ್ಮ ಅರ್ಥಶಾಸ್ತ್ರಕ್ಕೆ ಹೊಸದಲ್ಲ. ಕೌಟಿಲ್ಯನು ಲವಣಾಧ್ಯಕ್ಷನೆಂಬ ಅಧಿಕಾರಿಯನ್ನು ಹೇಳಿ, ಹೊರಗಿನಿಂದ ಬಂದ ಉಪ್ಪಿನಲ್ಲಿ ಆರನೆಯ ಒಂದು ಪಾಲನ್ನು ರಾಜನಿಗೆ ವಿಧಿಸಿದ್ದಾನೆ. ಶುಲ್ಕಾಧ್ಯಕ್ಷನ ಕರ್ತವ್ಯವನ್ನು ಹೇಳುವಾಗ ವರ್ತಕನ ಹೆಸರು, ಊರು, ಸರಕಿನ ಪ್ರಮಾಣ, ಮುದ್ರೆ ಇವುಗಳನ್ನು ಬರೆದುಕೊಳ್ಳಬೇಕೆಂದೂ ತಿಳಿಸಿದ್ದಾನೆ. ಆದರೂ ಆರನೆಯ ಪಾಲೆಂಬುದು ಸರಕಿನ ಒಂದು ಅಂಶ. ಸರಕಿನ ಬೆಲೆಯನ್ನೇ ಮೀರಿಹೋಗುವ ಕರವಲ್ಲ. ಇಂಗ್ಲಿಷರ ಕಾಲದಲ್ಲಿ ಆದುದು ಬೇರೆ.

ಮುಂಬಯಿ ಇಲಾಖೆಯಲ್ಲಿ ಹಳೆಯ ಒಳನಾಡಿನ ಜಕಾತಿಗಳನ್ನು ೧೮೩೮ರಲ್ಲಿ ತೆಗೆದುಹಾಕಿದರು. ಊರೂರಿಗೆ ತಡೆದು ನಿಲ್ಲಿಸುತ್ತಿದ್ದ ಕಟ್ಟೆಗಳು ಹೋದುದು ವರ್ತಕರಿಗೆ ಹಿತವೇ ಆಯಿತು. ಆದರೆ ಆ ನಷ್ಟವನ್ನು ತುಂಬಿಕೊಳ್ಳುವುದಕ್ಕಾಗಿ ಅದಕ್ಕೆ ಹಿಂದಿನ ವರ್ಷವೇ, ಎಂದರೆ ೧೮೩೭ರ ೨೭ನೆಯ ಆಕ್ಟಿನಿಂದ, ಉಪ್ಪಿನ ಮೇಲೆ ಮಣವೊಂದಕ್ಕೆ ೮ ಆಣೆಯ ಕರವನ್ನು ವಿಧಿಸಿದ್ದರು. ಇದು ೧೮೪೪ರಲ್ಲಿ ೧೨ ಆಣೆಯಾಯಿತು; ೧೮೫೯ರಲ್ಲಿ ಒಂದು ರೂಪಾಯಿ; ೧೮೬೯ರಲ್ಲಿ ೧ ರೂಪಾಯಿ ೧೩ ಆಣೆ; ೧೮೭೭ರಲ್ಲಿ ಎರಡೂವರೆ ರೂಪಾಯಿ. ನಾಲ್ವತ್ತು ವರ್ಷಗಳಲ್ಲಿ ಕರವು ಐದು ಪಟ್ಟಾಯಿತೆಂದು ಇದರಿಂದ ಸಿದ್ಧವಾಗುವುದು. ಕರವೇರಿದಂತೆ ಉಪ್ಪಿನ ಬೆಲೆಯಲ್ಲಿ ಉಪ್ಪಿನದಕ್ಕಿಂತ ಸರಕಾರದ ಪಾಲೇ ಹೆಚ್ಚಾಗುತ್ತ ಹೋಯಿತು. ಇತರ ಸರಕನ್ನು ಬಡವನು ಬಿಡಬಲ್ಲನು; ಉಪ್ಪನ್ನು ಬಿಡಲಾರನು. ಆದುದರಿಂದ ಈ ಕರವು ಪ್ರತಿಯೊಂದು ಒಲೆಯಿಂದಲೂ ಎತ್ತಲ್ಪಟ್ಟಿತು.

ನಂದಗಡದ ಸುತ್ತಲಿನ ಸ್ಥಿತಿಯು ಇದರಿಂದ ವಿಚಿತ್ರವಾಯಿತು. ಉತ್ತರ ಕನ್ನಡದ ಸಾಣಿಕಟ್ಟೆಯ ಉಪ್ಪು ೧೮೬೨ರವರೆಗೆ ಮದ್ರಾಸ ಇಲಾಖೆಗೆ ಸೇರಿದ್ದಿತು; ಅಲ್ಲಿ ಉಪ್ಪಿನ ಮಾರಾಟವೇ ಸರಕಾರದ ಏಕಸ್ವಾಮ್ಯ. ಮುಂಬಯಿಯ ಆಗರಗಳ ಉಪ್ಪಿಗೆ ಮಣಕ್ಕಿಷ್ಟೆಂದು ಕರ. ಗೋವೆಯ ಆಗರಗಳ ಉಪ್ಪಿಗಾದರೋ ಇವೆರಡೂ ಇಲ್ಲ. ಒಂದೇ ಅರಬೀ ಸಮುದ್ರದ ನೀರು, ಒಂದೇ ಬಿಸಿಲು. ಆದರೆ ಮೂರು ನೀತಿಗಳು, ಮೂರು ಬೆಲೆಗಳು. ಎತ್ತಿನ ಬೆನ್ನಿನ ಮೇಲಣ ಗೋವೆಯ ಉಪ್ಪು ಘಟ್ಟದ ತಲೆಯನ್ನು ದಾಟಿ ಗಡಿಯ ನಾಕೆಯನ್ನು ಮುಟ್ಟಿದೊಡನೆಯೇ ಅದರ ಬೆಲೆಯು ಬದಲಾಗುತ್ತಿದ್ದಿತು. ಎಲ್ಲಿ ಬೆಲೆಯು ಬದಲಾಗುವುದೋ ಅಲ್ಲಿ ಹೇರು ನಿಲ್ಲುವುದು; ಎಲ್ಲಿ ಹೇರು ನಿಲ್ಲುವುದೋ ಅದಕ್ಕೆ ಸಮೀಪದ ತಂಗುದಾಣದಲ್ಲಿ ಪೇಟೆಯು ಬೆಳೆಯುವುದು. ಲಮಾಣಿಗಳ ಎತ್ತುಗಳಿಂದ ಸರಕನ್ನಿಳಿಸಿ ಬಂಡಿಗೆ ಏರಿಸುವ ಸ್ಥಳವೂ ಇದೇ ಪ್ರದೇಶವಾದುದರಿಂದ ಎರಡು ಕಾರಣಗಳು ಒಂದೆಡೆಯಲ್ಲಿ ಕೂಡಿದುವು.

ಇಂತಹ ಗಡಿಯಲ್ಲಿ ಕಳ್ಳಸಾಗಣೆಯು ನಡೆಯದಿರುವುದು ಅಸಂಭವ. ಕಾಡಿನೊಳಗಣ ಕಾಲುದಾರಿಗಳೆಲ್ಲವನ್ನೂ ಕಾಯುವಷ್ಟು ಪಹರೆಯನ್ನು ಯಾವ ಸರಕಾರವೂ ಇಡಲಾರದು. ಉತ್ತರ ಹಿಂದುಸ್ಥಾನದಲ್ಲಿ ಉಪ್ಪಿನ ಕರಕ್ಕಾಗಿಯೇ ಎರಡು ಸಾವಿರ ಮೈಲುಗಳಿಗೂ ಮಿಕ್ಕು ಸುಂಕದ ರೇಖೆಯನ್ನು ಎಳೆದು, ಅದರ ಬಹುಭಾಗಕ್ಕೆ ಮುಳ್ಳುಬೇಲಿಯನ್ನು ಬೆಳೆಯಿಸಿದ್ದರು. ೧೮೭೯ರಲ್ಲಿ ಅದನ್ನು ಬಿಟ್ಟುಬಿಡಬೇಕಾಯಿತು. ದೇಶಕ್ಕೆಲ್ಲ ಒಂದೇ ಉಪ್ಪಿನ ಕರವಿರಬೇಕೆಂಬ ಹೊಸ ನೀತಿಗೆ ಗೋವೆಯು ಗೋಡೆಯೊಳಗಣ ಬಿರುಕಿನಂತೆ ಕಂಡಿತು. ಆ ಬಿರುಕನ್ನು ಮುಚ್ಚುವುದಕ್ಕೆ ಇಂಗ್ಲಿಷರು ಬೇಲಿಯನ್ನು ಬಿಟ್ಟು ಒಪ್ಪಂದವನ್ನು ಹಿಡಿದರು.

೫. ೧೮೭೮ರ ಒಪ್ಪಂದ

ಇಂಗ್ಲಂಡ ಪೋರ್ತುಗಾಲಗಳ ನಡುವೆ ಲಿಸ್ಬನ್ನಿನಲ್ಲಿ ೧೮೭೮ರ ದಶಂಬರ ೨೬ರಂದು ಒಂದು ಒಪ್ಪಂದಕ್ಕೆ ಸಹಿಯಾಯಿತು. ಅದು ಜಾರಿಗೆ ಬಂದುದು ೧೮೮೦ರ ಜನವರಿಯಲ್ಲಿ. ಅದರ ಮುಖ್ಯಾಂಶಗಳು ನಾಲ್ಕು. ಮೊದಲನೆಯದು, ಎರಡು ರಾಜ್ಯಗಳ ನಡುವಣ ನೆಲಗಡಿಯ ಸುಂಕಗಳನ್ನು ತೆಗೆದುಹಾಕುವುದು. ಎರಡನೆಯದು, ಗೋವೆಯ ಉಪ್ಪಿನ ತಯಾರಿಕೆಯನ್ನೂ ಮಾರಾಟವನ್ನೂ ಬ್ರಿಟಿಷ್ ಹಿಂದುಸ್ಥಾನದ ಅಧಿಕಾರಕ್ಕೆ ಒಪ್ಪಿಸುವುದು; ಅಬಕಾರಿಯನ್ನೂ ಬ್ರಿಟಿಷ್ ಪದ್ಧತಿಗೆ ಹೊಂದಿಸುವುದು. ಮೂರನೆಯದು, ಇದಕ್ಕೆ ಪ್ರತಿಯಾಗಿ ಗೋವೆಯ ಸರಕಾರಕ್ಕೆ ಪ್ರತಿವರ್ಷ ೪ ಲಕ್ಷ ರೂಪಾಯಿಗಳನ್ನು ಕೊಡುವುದು. ನಾಲ್ಕನೆಯದು, ಮುರಗಾಂವ ಬಂದರದಿಂದ ಘಟ್ಟವನ್ನೇರಿ ಬ್ರಿಟಿಷ್ ಸೀಮೆಯ ರೈಲನ್ನು ಕೂಡುವ ದಾರಿಯನ್ನು ಕಟ್ಟುವುದು.

ಈ ನಾಲ್ಕನ್ನೂ ಒಟ್ಟಿಗೆ ಓದಬೇಕು. ಗಡಿಯು ಬಿಟ್ಟಿತೆಂಬ ಹರ್ಷವು ಘಟ್ಟದ ಮೇಲಣ ವರ್ತಕನಿಗೆ ಉಂಟಾಗಿರಬಹುದು. ಆದರೆ ಗೋವೆಯ ಉಪ್ಪಿಗೂ ಈಗ ಅದೇ ಎರಡೂವರೆ ರೂಪಾಯಿಯ, ೧೮೮೨ರಿಂದ ಎರಡು ರೂಪಾಯಿಯ, ಕರವು ತಗುಲಿತು. ದಾರಿಯು ತೆರೆಯಿತು; ದಾರಿಯಲ್ಲಿ ಬರುವ ಸರಕಿನ ಅಗ್ಗವು ಹೋಯಿತು. ಗೋವೆಯ ಆಗರದವರ ಸ್ಥಿತಿಯು ಇನ್ನೂ ಕಷ್ಟವಾಯಿತು. ಹಲವು ಆಗರಗಳನ್ನು ಮುಚ್ಚಿಸಲಾಯಿತು. ತಮ್ಮ ನೆಲದ ಉಪ್ಪನ್ನು ತಾವೇ ಪರರ ಅನುಜ್ಞೆಯಿಲ್ಲದೆ ತೆಗೆಯಕೂಡದೆಂಬ ಸ್ಥಿತಿಯು ಅಲ್ಲಿಯ ಜನರಿಗೆ ಬಂದಿತು. ಅಲ್ಲಿ ಅಸಂತೋಷವು ಬೆಳೆಯಿತು. ಇಂಗ್ಲಿಷರಿಗೂ ಇದರಿಂದ ಎಣಿಸಿದಷ್ಟು ಲಾಭವು ಕಾಣಲಿಲ್ಲ. ಹನ್ನೆರಡು ವರ್ಷಗಳ ಅವಧಿಯು ತೀರಿದೊಡನೆ, ೧೮೯೨ರ ಜನವರಿಯಲ್ಲಿ, ಒಪ್ಪಂದವು ಅಂತ್ಯಗೊಂಡಿತು. ಗಡಿಯ ಸುಂಕವು ಪುನಃ ಬಂದಿತು.

ಆದರೆ ಎಲ್ಲವೂ ಹಿಂದಿನಂತಾಗಲಿಲ್ಲ. ಒಪ್ಪಂದವು ಹೋಯಿತು, ಒಪ್ಪಂದದ ರೈಲು ಉಳಿಯಿತು.

೬. ಟಪಾಲು

ರೈಲಿನ ವಿಚಾರಕ್ಕೆ ಮೊದಲು ಟಪಾಲನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕು. ಮೈಸೂರು ಸೀಮೆಯವರು ಅಂಚೆಯೆನ್ನುವುದನ್ನು ನಮ್ಮ ಕಡೆಯವರು ಟಪಾಲೆನ್ನುವರು. ಮೈಸೂರಿನ ಅಂಚೆಯು ಚಿಕ್ಕದೇವರಾಜ ಒಡೆಯರ ಕಾಲದ್ದು. ಅದು ಓಲೆಗಳನ್ನು ಸಾಗಿಸುವುದರ ಜೊತೆಗೆ ರಾಜ್ಯದ ಸುದ್ದಿಯನ್ನು ಅರಸರ ಕಿವಿಗೆ ಮುಟ್ಟಿಸುತ್ತಲೂ ಇದ್ದಿತು. ೧೮೮೯ರಲ್ಲಿ ಶೇಷಾದ್ರಿ ಅಯ್ಯರವರ ದಿವಾನಗಿರಿಯಲ್ಲಿ ಅದು ಬ್ರಿಟಿಷ್ ಟಪಾಲಿನೊಳಗೆ ಲೀನವಾಯಿತು. ಅಂಚೆಯೆಂಬುದು ಹಂಸಶಬ್ದದ ತದ್ಭವವಾದುದರಿಂದ ನಳದಮಯಂತಿಯರ ಹಂಸದೂತನೇ ಈ ಹೆಸರಿಗೆ ಮೂಲವೆಂದು ಕೆಲವರು ಹೇಳುವರು. ವ್ಯುತ್ಪತ್ತಿಯು ಮನೋಹರವಾಗಿದೆ, ಆದರೆ ತಿರುವಾಂಕೂರಿನಲ್ಲಿ ಇದೇ ವ್ಯವಸ್ಥೆಗೆ ಅಂಚಲೆಂಬ ಹೆಸರಿದ್ದಿತು, ಆ ಲಕಾರಕ್ಕೆ ಹಂಸವು ಉತ್ತರವನ್ನು ಕೊಡಲಾರದು. ಆದುದರಿಂದ ಪಕ್ಷಿಯ ಅಂಚೆಯೂ ಪತ್ರದ ಅಂಚೆಯೂ ಬೇರೆ ಬೇರೆ ಶಬ್ದಗಳಾಗಿದ್ದು, ಕವಿಹೃದಯವು ಅವೆರಡನ್ನೂ ಕೂಡಿಸಿತೆಂದು ನನ್ನ ಅಭಿಪ್ರಾಯವು. ವಿದ್ವಾಂಸರು ವಿಚಾರಿಸಬೇಕು.

ಪ್ರಕೃತಕ್ಕೆ ಬರೋಣ. ೧೮೩೭ರ ಆಕ್ಟಿನಿಂದ ಕಂಪನಿ ಸರಕಾರವು ಟಪಾಲನ್ನು ತನ್ನ ಏಕಸ್ವಾಮ್ಯವನ್ನಾಗಿ ಮಾಡಿಕೊಂಡಿತು. ಆಗ ಕಾಗದದ ಹಾಸಲು ದೂರವನ್ನನುಸರಿಸಿ ಏರುತ್ತಿದ್ದಿತು. ೧೮೫೪ರಲ್ಲಿ ಈ ಕ್ರಮವು ಮುರಿದು, ಕಾಲು ತೊಲೆಯ ಕಾಗದಕ್ಕೆ ಎಷ್ಟು ದೂರವಾದರೂ ಅರ್ಧ ಆಣೆಯೆಂದು ನಿಶ್ಚಯವಾಯಿತು. ಇದು ಸಾಮಾನ್ಯವಾದ ಬದಲಾವಣೆಯಲ್ಲ. ನಂದಗಡದಿಂದ ಬೆಳಗಾವಿಗೆ ಬರೆದ ಕಾಗದಕ್ಕೂ ಪೇಶಾವರಕ್ಕೆ ಬರೆದ ಕಾಗದಕ್ಕೂ ಒಂದೇ ಹಾಸಲಾಯಿತು. ಎಂದರೆ ಸರಕಾರವು ದೂರವೆಂಬ ಸುಂಕವನ್ನು ಕಾಗದದ ಮಟ್ಟಿಗೆ ತೆಗೆದುಹಾಕಿತು. ಉಪ್ಪಿನ ಮೇಲೆ ಕರವನ್ನು ಏರಿಸುತ್ತಿದ್ದ ಕಾಲದಲ್ಲಿಯೇ ಅದೇ ಸರಕಾರವು ಸುದ್ದಿಯ ಬೆಲೆಯನ್ನು ಇಳಿಸಿತೆಂಬುದು ಗಮನಾರ್ಹವಾದ ಸಂಗತಿ.

ಅನಂತರ ೧೮೭೭ರಲ್ಲಿ ಬೆಲೆಯನ್ನು ಕೊಟ್ಟು ಬಿಡಿಸಿಕೊಳ್ಳುವ ಪಾರ್ಸಲು ಬಂದಿತು. ಇದನ್ನೇ ನಾವು ವ್ಹಿ. ಪಿ. ಎನ್ನುವೆವು. ೧೮೭೯ರಲ್ಲಿ ಕಾಲಾಣೆಯ ಕಾರ್ಡು ಬಂದಿತು. ೧೮೮೦ರಲ್ಲಿ ಸರಕಾರೀ ಖಜಾನೆಗಳ ಕೈಯಲ್ಲಿದ್ದ ಮನಿಆರ್ಡರು ಟಪಾಲು ಕಚೇರಿಗಳಿಗೆ ಬಂದಿತು. ೧೮೮೨ರಲ್ಲಿ ಟಪಾಲಿನ ಉಳಿತಾಯ ಬ್ಯಾಂಕು. ಗೋವೆಯಲ್ಲಿ ಪೋರ್ತುಗೀಜರು ೧೮೭೧ರಿಂದ ತಮ್ಮದೇ ಆದ ತಿಕೀಟುಗಳನ್ನು ಹೊರಡಿಸಿದ್ದರು.

ಈ ನಾಲ್ಕಾರು ವರ್ಷಗಳ ಸುಧಾರಣೆಗಳು ಪೇಟೆಯ ಮೇಲೆ ಮಾಡಿದ ಪರಿಣಾಮವನ್ನು ತಿಳಿಯಬೇಕಾದರೆ ಹಳೆಯ ವರ್ತಕನ ಬಲವು ಯಾವುದರಲ್ಲಿದ್ದಿತೆಂಬುದನ್ನು ಮೊದಲು ಅರಿಯಬೇಕು. ಅವನ ಬಲವು ಎರಡರಲ್ಲಿದ್ದಿತು. ಒಂದು, ಧಾರಣೆಯ ತಿಳಿವಳಿಕೆ. ಗೋವೆಯಲ್ಲಿ ಅಡಕೆಗೆ ಏನು ಧಾರಣೆ, ಧಾರವಾಡದಲ್ಲಿ ಗೋದಿಗೆ ಏನು ಧಾರಣೆ ಎಂಬುದು ಅವನ ಆಳುಗಳ ಬಾಯಿಂದ ಅವನೊಬ್ಬನಿಗೇ ತಿಳಿಯುತ್ತಿದ್ದಿತು. ಇನ್ನೊಂದು, ಹುಂಡಿ; ದರ್ಶನಿಯಾಗಲಿ ಮುದ್ದತಿಯಾಗಲಿ ಅವನ ಹುಂಡಿಯು ದೂರದ ಪೇಟೆಯಲ್ಲಿ ಹಣವಾಗುತ್ತಿದ್ದಿತು. ಕಾಲಾಣೆಯ ಕಾರ್ಡು ಮೊದಲನೆಯದನ್ನು ಎಲ್ಲರಿಗೂ ಹಂಚಿತು. ಮನಿಆರ್ಡರು ಎರಡನೆಯದರ ಸಣ್ಣ ಭಾಗವನ್ನು ಟಪಾಲಿನ ಕಿಟಕಿಗೆ ತಂದಿತು. ದೊಡ್ಡ ಹುಂಡಿಗಳು ನಿಲ್ಲಲಿಲ್ಲ. ಆದರೆ ಚಿಕ್ಕ ಅಂಗಡಿಕಾರನು ನಡುವಣ ಸಾಹುಕಾರನನ್ನು ಬಿಟ್ಟು ನೇರವಾಗಿ ಬೆಳಗಾವಿಯಿಂದಲೋ ಮುಂಬಯಿಯಿಂದಲೋ ಸರಕನ್ನು ತರಿಸಿಕೊಳ್ಳುವುದು ಶಕ್ಯವಾಯಿತು. ನಡುವಣ ಪೇಟೆಯೆಂಬುದು ಇರುವುದೇ ನಡುವಣವನಿಗಾಗಿ. ಅವನಿಲ್ಲದೆ ಸಾಗುವ ಉಪಾಯವು ದೊರೆತರೆ ಅದರ ಒಂದು ಕಂಬವು ಸಡಿಲಿತೆಂದೇ ತಿಳಿಯಬೇಕು.

೭. ಪೂರ್ವಪಕ್ಷವೂ ಸಿದ್ಧಾಂತವೂ

ಈಗ ಮೊದಲಿನ ಪ್ರಶ್ನೆಗೆ ಬರೋಣ. ರೈಲೇ ಕಾರಣವೆಂಬ ಪಕ್ಷವು ಪೂರ್ವಪಕ್ಷ. ಸದರ್ನ್ ಮರಾಠಾ ರೈಲು ಲೋಂಡೆಯವರೆಗೆ ಬಂದು, ಅಲ್ಲಿಂದ ಒಂದು ಕವಲು ಪಶ್ಚಿಮಕ್ಕೆ ಕ್ಯಾಸಲ್‌ರಾಕಿನ ಮಾರ್ಗವಾಗಿ ಮುರಗಾಂವಕ್ಕೂ, ಇನ್ನೊಂದು ಉತ್ತರಕ್ಕೆ ಖಾನಾಪುರದ ಮಾರ್ಗವಾಗಿ ಬೆಳಗಾವಿಗೂ ಹೋಯಿತು. ಗೋವೆಯ ಕಡೆಯ ಹಾದಿಯು ೧೮೮೮ರ ಸುಮಾರಿಗೆ ಘಟ್ಟವನ್ನೇರಿ ಕೂಡಿತು. ನಂದಗಡವು ಎರಡು ಕವಲುಗಳಿಗೂ ಹೊರಗೆ ಉಳಿಯಿತು. ಆದುದರಿಂದ ರೈಲೇ ಅದರ ಇಳಿತಕ್ಕೆ ಕಾರಣವೆಂಬುದು ಇವರ ವಾದ.

ಗಡಿಯ ಸುಂಕವು ಹೋದುದೇ ಕಾರಣವೆಂದು ಇನ್ನೊಂದು ಪಕ್ಷವನ್ನು ಕಲ್ಪಿಸಬಹುದು. ಎಲ್ಲಿ ಗಡಿಯೋ ಅಲ್ಲಿ ಪೇಟೆಯೆಂಬ ಅನ್ವಯವು ಇದಕ್ಕೆ ಅನುಕೂಲವಾಗಿದೆ. ಆದರೆ ವ್ಯತಿರೇಕವು ಅನುಕೂಲವಾಗಿಲ್ಲ. ಗಡಿಯ ಸುಂಕವು ಹೋದುದು ೧೮೮೦ರಲ್ಲಿ. ೧೮೮೪ರ ಗ್ಯಾಜೆಟಿಯರು ನಂದಗಡವನ್ನು ವ್ಯಾಪಾರದ ಸ್ಥಾನವೆಂದೇ ಹೇಳುತ್ತಿದೆ. ಸುಂಕವು ಹೋದ ಮಾತ್ರಕ್ಕೆ ಪೇಟೆಯು ಕೆಡಲಿಲ್ಲವೆಂದು ಇದರಿಂದ ಸ್ಪಷ್ಟ. ಮೇಲಾಗಿ ೧೮೯೨ರಲ್ಲಿ ಸುಂಕವು ಮರಳಿ ಬಂದಿತು. ಗಡಿಯೇ ಪ್ರಾಣವಾಗಿದ್ದರೆ ಪೇಟೆಗೆ ಮೊದಲಿನ ಕಳೆಯೂ ಮರಳಬೇಕಾಗಿದ್ದಿತು.

ಹಾಗಾದರೆ ಪೂರ್ವಪಕ್ಷವೇ ಗೆದ್ದಿತೇ? ಇಲ್ಲ. ೧೮೯೨ರಲ್ಲಿ ಮರಳಿ ಬಂದ ಸುಂಕವು ಎಲ್ಲಿ ನಿಂತಿತೆಂ‌ಬುದನ್ನು ನೋಡಬೇಕು. ಹಿಂದೆ ಅದು ಎತ್ತಿನ ದಾರಿಗಳ ಮೇಲೆ ಹಂಚಿಕೊಂಡಿದ್ದಿತು. ಈಗ ಮುಖ್ಯವಾಗಿ ಕ್ಯಾಸಲ್‌ರಾಕ್ ನಿಲ್ದಾಣದಲ್ಲಿ ನಿಂತಿತು. ಸರಕನ್ನು ಬಿಚ್ಚಿ, ತೂಗಿ, ಬರೆದು, ಹಣವನ್ನು ಕಟ್ಟಿ, ಪುನಃ ಕಟ್ಟುವ ಕೆಲಸವೆಲ್ಲವೂ ಅಲ್ಲಿಗೆ ಹೋಯಿತು. ಎತ್ತಿನಿಂದ ಬಂಡಿಗೆ ಏರಿಸುವ ಕೆಲಸವೇ ಇಲ್ಲದಾಯಿತು. ಗಡಿಯು ಮರಳಿತು, ಆದರೆ ಬೇರೆಯ ಬಾಗಿಲಿಗೆ ಮರಳಿತು. ಈ ಬಾಗಿಲನ್ನು ತೆರೆದವರಾರು? ೧೮೭೮ರ ಒಪ್ಪಂದದ ಕರ್ತರು. ರೈಲು ಆ ಒಪ್ಪಂದದ ಒಂದು ಕಲಮು. ಉಪ್ಪಿನ ಕಲಮಿನ ಒಡಹುಟ್ಟು. ಆದುದರಿಂದ ರೈಲು ನಿಮಿತ್ತಕಾರಣ, ಉಪ್ಪು ಮತ್ತು ಸುಂಕದ ನೀತಿಯು ಮೂಲಕಾರಣ, ಟಪಾಲು ಸಹಕಾರಿಕಾರಣವೆಂಬುದೇ ಸಿದ್ಧಾಂತವು.

ಇದು ಕೇವಲ ತರ್ಕದ ಹಟವಲ್ಲ. ರೈಲು ಬಂದಿತು, ಪೇಟೆ ಹೋಯಿತು ಎಂದರೆ ಅದು ಕಾಲದ ಮಹಿಮೆಯೆಂದು ಸುಮ್ಮನಾಗಬಹುದು. ಅದರಲ್ಲಿ ಯಾರ ಕರ್ತೃತ್ವವೂ ಇಲ್ಲ. ನೀತಿಯು ಬಂದಿತು, ಪೇಟೆ ಹೋಯಿತು ಎಂದರೆ ಕೆಲವರು ಕುಳಿತು ನಿಶ್ಚಯಿಸಿದರೆಂದೂ, ಬೇರೆಯಾಗಿ ನಿಶ್ಚಯಿಸಬಹುದಾಗಿದ್ದಿತೆಂದೂ, ಆ ನಿಶ್ಚಯದಲ್ಲಿ ಘಟ್ಟದ ಮೇಲಣ ವರ್ತಕನ ಮಾತಿಗೂ ಗೋವೆಯ ಆಗರದವನ ಮಾತಿಗೂ ಎಡೆಯಿರಲಿಲ್ಲವೆಂದೂ ಒಪ್ಪಬೇಕಾಗುವುದು.

೮. ಅನಂತರದ ಕಥೆ

ಮುಂದಿನ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೧೯೩೦ರಲ್ಲಿ ಮಹಾತ್ಮಾ ಗಾಂಧಿಯವರು ಉಪ್ಪನ್ನೇ ಹಿಡಿದು ಸತ್ಯಾಗ್ರಹವನ್ನು ನಡೆಯಿಸಿದರು. ೧೯೪೭ರ ಏಪ್ರಿಲಿನಿಂದ ಉಪ್ಪಿನ ಕರವು ಹೋಯಿತು. ಗೋವೆಯ ಗಡಿಯು ಮಾತ್ರ ಸ್ವಾತಂತ್ರ್ಯದ ಅನಂತರವೂ ನಿಂತಿತು. ನಿಂತುದಷ್ಟೇ ಅಲ್ಲ, ಬಿಗಿಯಿತು. ಐವತ್ತರ ದಶಕದ ನಡುವಿನಲ್ಲಿ ಭಾರತ ಸರಕಾರವು ಆರ್ಥಿಕ ನಿರ್ಬಂಧವನ್ನು ಹಾಕಿತು. ೧೯೫೫ರಲ್ಲಿ ಘಟ್ಟದ ರೈಲೂ ನಿಂತಿತು. ೧೯೬೧ರ ದಶಂಬರ ೧೯ರಂದು ಗೋವೆಯು ಮುಕ್ತವಾದ ಮೇಲೆ ಹತ್ತು ದಿನಗಳೊಳಗಾಗಿ ಅಲ್ಲಿ ಭಾರತದ ಟಪಾಲು ತಿಕೀಟುಗಳು ನಡೆಯತೊಡಗಿದುವು. ಹಳೆಯ ಪೋರ್ತುಗೀಜ ತಿಕೀಟುಗಳು ೧೯೬೨ರ ಜನವರಿಯ ಮೊದಲ ವಾರದವರೆಗೆ ನಡೆದು ನಿಂತುವು. ರಾಜ್ಯವು ಬದಲಾದುದನ್ನು ಸಾಮಾನ್ಯ ಜನರಿಗೆ ಮೊದಲು ತಿಳಿಸಿದುದು ಬಹುಶಃ ಈ ಚಿಕ್ಕ ಕಾಗದದ ಚೂರುಗಳೇ ಆಗಿರಬೇಕು. ೨೦೧೭ರ ಜುಲೈ ೧ರಿಂದ ಸರಕು ಮತ್ತು ಸೇವೆಗಳ ತೆರಿಗೆಯು ಬಂದು, ರಾಜ್ಯಗಳ ನಡುವಣ ಮಾರಾಟತೆರಿಗೆಯ ನಾಕೆಗಳೂ ಹೋದುವು. ಅಬಕಾರಿಯ ತಪಾಸಣೆಯು ಮಾತ್ರ ಗೋವೆಯ ಗಡಿಯಲ್ಲಿ ಉಳಿದಿದೆ. ೧೮೭೮ರ ಒಪ್ಪಂದವು ಹನ್ನೆರಡು ವರ್ಷಗಳವರೆಗೆ ನಡೆಯಿಸಿ ಬಿಟ್ಟ ಪ್ರಯೋಗವು ಹೀಗೆ ಬೇರೆ ಬಗೆಯಿಂದ, ಈ ಸಲ ಒಂದೇ ರಾಷ್ಟ್ರದೊಳಗೆ, ನೆರವೇರಿತು.

ಉಪ್ಪಿನ ಗಡಿಯು ಹೋದರೂ ನೀರಿನ ಗಡಿಯು ಬಂದಿತು. ನದಿಯ ಬಲವನ್ನು ಯಂತ್ರಕ್ಕೆ ಕಟ್ಟುವ ವಿದ್ಯೆಯು ಬೆಳಗಾವಿ ಜಿಲ್ಲೆಗೆ ಹೊಸದಲ್ಲ. ಘಟಪ್ರಭೆಯ ಗೋಕಾಕ ಜಲಪಾತದ ನೀರಿನಿಂದ ೧೮೮೭ರಷ್ಟು ಹಿಂದೆಯೇ ನೂಲಿನ ಗಿರಣಿಯು ನಡೆಯಿತು. ಆ ನೀರನ್ನು ಅಲ್ಲಿ ಕಟ್ಟುವಾಗ ಗಡಿಯ ಪ್ರಶ್ನೆಯೇಳಲಿಲ್ಲ. ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹಾದಾಯಿಯಾದರೋ ಘಟ್ಟವನ್ನಿಳಿದು ಗೋವೆಗೆ ಹರಿಯುವುದು. ಅಲ್ಲಿ ಅದಕ್ಕೆ ಮಾಂಡವಿಯೆಂದು ಹೆಸರು. ಅದರ ನೀರಿಗಾಗಿ ೨೦೧೦ರಲ್ಲಿ ನ್ಯಾಯಾಧಿಕರಣವು ನೇಮಕವಾಗಿ, ೨೦೧೮ರ ಆಗಸ್ಟಿನಲ್ಲಿ ತೀರ್ಪನ್ನು ಕೊಟ್ಟಿತು. ಕರ್ನಾಟಕಕ್ಕೆ ೧೩.೪೨ ಟಿ. ಎಂ. ಸಿ.; ಇದರಲ್ಲಿ ೮.೦೨ ವಿದ್ಯುಚ್ಛಕ್ತಿಗಾಗಿ. ಗೋವೆಗೆ ೨೪, ಮಹಾರಾಷ್ಟ್ರಕ್ಕೆ ೧.೩೩. ಈ ತೀರ್ಪು ೨೦೨೦ರಲ್ಲಿ ರಾಜಪತ್ರದಲ್ಲಿ ಪ್ರಕಟವಾಯಿತು; ಅದರ ಮೇಲೆ ರಾಜ್ಯಗಳು ಸರ್ವೋಚ್ಚ ನ್ಯಾಯಾಲಯಕ್ಕೂ ಹೋದುವು. ವಿವಾದದ ಗುಣದೋಷಗಳನ್ನು ವಿಚಾರಿಸುವುದು ಈ ಲೇಖನದ ಕೆಲಸವಲ್ಲ. ಒಂದು ಸಾದೃಶ್ಯವನ್ನು ಮಾತ್ರ ತೋರಿಸುತ್ತೇನೆ: ಹಿಂದೆ ಕೆಳಗಿನಿಂದ ಮೇಲಕ್ಕೆ ಏರಿ ಬರುವ ಉಪ್ಪಿಗೆ ಮಣದ ಲೆಕ್ಕವಿದ್ದಿತು, ಈಗ ಮೇಲಿನಿಂದ ಕೆಳಕ್ಕೆ ಇಳಿಯುವ ನೀರಿಗೆ ಘನ ಅಡಿಗಳ ಲೆಕ್ಕವು ಬಂದಿದೆ. ಎರಡರಲ್ಲಿಯೂ ಗಡಿಯೇ ಅಳತೆಗೋಲು.

೯. ಉಪಸಂಹಾರ

ಇತಿಹಾಸವನ್ನು ಬರೆಯುವ ನಾವು ಶಿಲೆಯನ್ನೂ ತಾಮ್ರವನ್ನೂ ಪೂಜಿಸಿದಷ್ಟು ಕಾಗದವನ್ನು ಆದರಿಸಿಲ್ಲ. ಹಲಸಿಯ ತಾಮ್ರಪಟಗಳು ಸಾವಿರದ ಐನೂರು ವರ್ಷಗಳಾದರೂ ಉಳಿದುವು. ನಂದಗಡ, ಖಾನಾಪುರ, ಬೆಳಗಾವಿಗಳ ಹಳೆಯ ಅಂಗಡಿಗಳ ಕೀರ್ದಿ ಖತಾವಣಿಗಳು ನೂರು ವರ್ಷಗಳನ್ನೂ ಉಳಿಯಲಾರವು. ಅವುಗಳಲ್ಲಿ ಬಹುಭಾಗವು ಮೋಡಿಯ ಲಿಪಿಯಲ್ಲಿರುವುದು. ಓದಬಲ್ಲವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಕೆಲವು ವರ್ಷಗಳ ಹಿಂದೆ ಈ ಲೇಖಕನು ಒಂದು ಹಳೆಯ ಮನೆಯಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ವಹಿಗಳ ಒಂದು ಗಂಟನ್ನು ಕಂಡು, ಬಿಡುವಾದಾಗ ಬಂದು ನೋಡುವೆನೆಂದು ಹೇಳಿ ಬಂದನು. ಬಿಡುವು ದೊರೆತು ಮರಳಿ ಹೋಗುವಷ್ಟರಲ್ಲಿ ಮನೆಯನ್ನು ಹೊಸದಾಗಿ ಕಟ್ಟುವುದಕ್ಕಾಗಿ ಕೆಡವಿದ್ದರು. ಗಂಟು ರದ್ದಿಗೆ ಹೋಗಿದ್ದಿತು. ಆ ಮನೆಯವರ ತಪ್ಪೇನೂ ಇಲ್ಲ. ಅದು ಶಾಸನವೆಂದು ಅವರಿಗೆ ನಾವು ಹೇಳಿರಲೇ ಇಲ್ಲ. ತಪ್ಪು ಬಿಡುವನ್ನು ಕಾದ ಈ ಲೇಖಕನದು.

ಉಪ್ಪಿನ ಕರವೆಷ್ಟೆಂದು ಸರಕಾರದ ಪುಸ್ತಕಗಳಿಂದ ಹೇಳಬಹುದು. ೧೮೮೦ರ ಜನವರಿಯಲ್ಲಿ ಗಡಿಯು ತೆರೆದ ದಿನ ನಂದಗಡದ ಅಂಗಡಿಯಲ್ಲಿ ಉಪ್ಪಿನ ಧಾರಣೆಯು ಏರಿತೋ ಇಳಿಯಿತೋ, ೧೮೯೨ರಲ್ಲಿ ಮುಚ್ಚಿದ ದಿನ ಯಾರು ತಮ್ಮ ಲೆಕ್ಕವನ್ನು ಕ್ಯಾಸಲ್‌ರಾಕಿಗೆ ಬದಲಿಸಿದರೋ, ಅದನ್ನು ಆ ವಹಿಗಳೇ ಹೇಳಬಲ್ಲುವು. ಮೇಲೆ ನಾನು ತರ್ಕದಿಂದ ಸಾಧಿಸಿದ ಸಿದ್ಧಾಂತವನ್ನು ಅವು ಪ್ರತ್ಯಕ್ಷದಿಂದ ದೃಢಪಡಿಸಬಹುದು, ಇಲ್ಲವೇ ಖಂಡಿಸಲೂ ಬಹುದು. ಖಂಡಿಸಿದರೂ ಸಂತೋಷವೇ; ಅನುಮಾನಕ್ಕಿಂತ ಪ್ರತ್ಯಕ್ಷವು ಬಲವತ್ತರವಷ್ಟೆ. ಆದುದರಿಂದ ಬೆಳಗಾವಿ ಸೀಮೆಯ ಶಾಲೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಕನ್ನಡವನ್ನು ಕಲಿಸುವ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ತಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ಇಂತಹ ವಹಿಗಳಿದ್ದರೆ ಅವುಗಳನ್ನು ಇದ್ದಲ್ಲಿಯೇ ನೋಡಿ, ವರ್ಷವನ್ನೂ ಲಿಪಿಯನ್ನೂ ಗುರುತಿಸಿ, ಶಕ್ಯವಾದರೆ ಛಾಯಾಚಿತ್ರಗಳನ್ನು ತೆಗೆದು ಈ ಪತ್ರಿಕೆಗೆ ತಿಳಿಸಬೇಕು. ಗೆದ್ದಲು ಯಾರ ಬಿಡುವನ್ನೂ ಕಾಯುವುದಿಲ್ಲ.